ಎತ್ತರಕ್ಕೆ ಕಟ್ಟಿದ ಬೈರಾಸು

ಹಂಚಿನ ಕಾರ್ಖಾನೆಯಲ್ಲಿ ಸುತ್ತಿಗೆಗೆ ಎಂತ ಕೆಲಸ, ನೀವೇ ಹೇಳಿ. ಆದರೂ ಬಂಟ್ವಾಳದಿಂದ ಹೊರಟ ರಸ್ತೆ ಮೂಡುಬಿದಿರೆಗೊಂದು, ಬೆಳ್ತಂಗಡಿಗೊಂದು ಎಂದು ಕವಲೊಡೆಯುವಲ್ಲಿ ಕಾರ್ಮಿಕರ ಗೌರವಕ್ಕಾಗಿ ಒಂದು ಭಾರೀ ಪ್ರತಿಮೆ ನಿಲ್ಲಿಸಬೇಕೆಂದು ಊರಿನ ದೊಡ್ಡವರೆಲ್ಲ ಕೂತು ಮಾತಾಡಿದಾಗ, ಅವರಿಗೆ ಮೊದಲು ಹೊಳೆದದ್ದು ಸುತ್ತಿಗೆ ಹಿಡಿದ ಒಬ್ಬ ಗಂಡಸು. ದಪ್ಪ ತೋಳು, ಅಗಲ ಎದೆ, ತಲೆಗೊಂದು ಮುಂಡಾಸು. ಅಂಥ ಗಂಡಸು ನಮ್ಮ ಕಾರ್ಖಾನೆಯಲ್ಲಿ ಹುಡುಕಿದರೂ ಇರಲಿಲ್ಲ. ಇದ್ದವರು ಹೊಗೆ ಕುಡಿದು ಕೆಮ್ಮುವ ಗಂಡಸರು, ಮತ್ತು ಅವರಿಗಿಂತ ಎಷ್ಟೋ ಹೆಚ್ಚು ಹೆಂಗಸರು. ಹಸಿ ಹಂಚನ್ನು ಅಚ್ಚಿನಿಂದ ಎತ್ತುವವರು, ಅಂಚು ಹೆರೆಯುವವರು, ತಲೆಯ ಮೇಲೆ ಹೊತ್ತು ಒಣಹಾಕುವವರು, ಒಣಗಿದ್ದನ್ನು ಭಟ್ಟಿಯ ಬಾಯಿಗೆ ಮುಟ್ಟಿಸುವವರು, ಬೆಂದದ್ದನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಗಟ್ಟಿಯೋ ಒಡಕೋ ಎಂದು ಬೇರೆ ಮಾಡುವವರು, ಎಲ್ಲರೂ ಹೆಂಗಸರೇ. ಇದು ಎಪ್ಪತ್ತರ ದಶಕದ ಕೊನೆಯ ಮಾತು. ನೇತ್ರಾವತಿಯ ದಡದಲ್ಲಿ ಆಗ ಹಂಚಿನ ಹೊಗೆಕೊಳವೆಗಳು ಒಳ್ಳೆ ಹೊಗೆ ಬಿಡುತ್ತಿದ್ದವು.

ಪ್ರತಿಮೆ ಮಾಡಲು ಬಂದ ಶಿಲ್ಪಿ ಘಟ್ಟದ ಮೇಲಿನವನು. ಸುತ್ತಿಗೆ ಗಂಡಸನ್ನು ಹುಡುಕಿಕೊಂಡು ಕಾರ್ಖಾನೆಗೆ ಬಂದವನು ಹಂಚು ಒಣಹಾಕುವ ಚಪ್ಪರದ ಬಾಗಿಲಲ್ಲಿ ನಿಂತು, ಸಾಲಾಗಿ ಹೋಗುತ್ತಿದ್ದ ನಮ್ಮನ್ನೇ ನೋಡತೊಡಗಿದ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹಂಚು, ಒಂದು ಕೈ ಮೇಲೆ, ಒಂದು ಕೈ ಸೊಂಟದಲ್ಲಿ. ಮಾಡಿದರೆ ಇವರಲ್ಲಿ ಒಬ್ಬಳನ್ನು ಮಾಡುತ್ತೇನೆ, ಇಲ್ಲವಾದರೆ ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದನಂತೆ. ಪ್ರತಿಮೆಯ ತಲೆಯ ಮೇಲೆ ಹಂಚು ಕಾಣುತ್ತದೆ, ಹೋಗುವ ಬರುವವರಿಗೆಲ್ಲ ಪ್ರಚಾರವಾಗುತ್ತದೆ ಎಂದು ಧಣಿಗಳಿಗೂ ಅದು ಹಿಡಿಸಿತು.

ಮೇಸ್ತ್ರಿ ಬೆರಳು ಮಾಡಿ ಕರೆದದ್ದು ನನ್ನನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ನಾನು ಆಗ ಮೂರು ತಿಂಗಳ ಬಸುರಿ. ನನ್ನ ಗಂಡನಿಗೆ, ಅತ್ತೆಗೆ ಮತ್ತು ನನಗಲ್ಲದೆ ಮತ್ತೊಂದು ನರಪಿಳ್ಳೆಗೆ ಅದು ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು.

ಯಾಕೆಂದರೆ ಅದಕ್ಕೆ ಮೊದಲು ಎರಡು ಹೋಗಿದ್ದವು. ಎರಡೂ ಐದನೆಯ ತಿಂಗಳು ತುಂಬುವ ಮೊದಲೇ. ಮೊದಲನೆಯದು ಯಾಕೆ ಹೋಯಿತೆಂದು ದೇವರಿಗೇ ಗೊತ್ತು. ಎರಡನೆಯದು ಯಾಕೆ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತು. ಬಸುರಿ ಎಂದು ಗೊತ್ತಾದ ಕೂಡಲೇ, ಹೆರಿಗೆ ರಜೆಯ ಸಂಬಳ ಕೊಡಬೇಕಾದೀತು ಎಂದು, ನಮ್ಮ ಕಾರ್ಖಾನೆಯಲ್ಲಿ ಹೆಸರು ಹೊಡೆದು ಹಾಕುತ್ತಿದ್ದರು. ನಾಲ್ಕು ಜನರ ಕಣ್ಣಿಗೆ ಬೀಳದ ಹಾಗೆ, ನಾಳೆಯಿಂದ ಬರುವುದು ಬೇಡ ಎಂದು, ಅಷ್ಟೇ. ಹೊರಗೆ ಬಿದ್ದವಳಿಗೆ ಉಳಿಯುವುದು ಗದ್ದೆಯಿಂದ ಹಸಿ ಜೇಡಿಮಣ್ಣು ಹೊತ್ತು ದೋಣಿಗೆ ತುಂಬಿಸುವ ಕೆಲಸ. ನೀರು ಕುಡಿದ ಮಣ್ಣಿನ ಬುಟ್ಟಿ, ಜಾರುವ ದಡ. ಆ ದಡದಲ್ಲೇ ನನ್ನ ಎರಡನೆಯದು ಹೋದದ್ದು. ಹೋದ ಮೇಲೆ, ಪಾಪ, ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ನನ್ನನ್ನು ಪುನಃ ಸೇರಿಸಿಕೊಂಡರು! ಈ ಸಲ ಹೆಸರು ಹೋದರೆ ಮಗುವೂ ಹೋದ ಹಾಗೆಯೇ. ನನ್ನ ಲೆಕ್ಕ ಅಷ್ಟು ಸರಳವಿತ್ತು.

ಬಸುರಿಯರನ್ನು ಪತ್ತೆಹಚ್ಚಿ ಮೇಸ್ತ್ರಿಗೆ ಹೇಳುವುದೇ ಗೇಟಿನಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸಿನ ಕೆಲಸ. ಹೋಗುವಾಗ ಬರುವಾಗ ನಮ್ಮ ಬುತ್ತಿ ಚೀಲ ನೋಡುವುದು ಎಂದು ಹೆಸರಿಗೆ. ನಾವು ಅವಳನ್ನು ಗೇಟಿನಕ್ಕ ಎನ್ನುತ್ತಿದ್ದೆವು. ಎಂದೂ ಗದರಿದವಳಲ್ಲ, ಬಾಯಿ ಬೆಲ್ಲ. ಅವಳ ಹತ್ತಿರ ಒಂದು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಮಾವಿನಮಿಡಿ ಇರುತ್ತಿತ್ತು. "ತೆಕ್ಕೊ ಮಗಾ, ಬಾಯಿ ಚಪ್ಪೆ ಆಗಿರ್ತದೆ," ಎಂದು ಒಬ್ಬೊಬ್ಬರಿಗೆ ಒಂದೊಂದು ಚಾಚುವಳು. ಯಾರು ಬೇಡವೆನ್ನುತ್ತಾರೆ, ಯಾರು ಅಲ್ಲೇ ನಿಂತು ಗೊರಟು ಚೀಪುತ್ತಾರೆ ಎಂದು ನೋಡುವಳು. ಕಳೆದ ಸಲ ನಾನು ಸಿಕ್ಕಿಬಿದ್ದದ್ದು ಆ ಮಿಡಿಯಲ್ಲೇ. ಈ ಸಲ ಬಾಯಲ್ಲಿ ನೀರು ಒಸರುತ್ತಿದ್ದರೂ "ನನಗೆ ಹಲ್ಲು ಜುಮ್ಮೆನ್ತದೆ ಅಕ್ಕಾ" ಎಂದು ದಾಟಿ ಹೋಗುತ್ತಿದ್ದೆ.

ಇಲ್ಲಿ ಬೈರಾಸಿನ ಸಂಗತಿ ಹೇಳಬೇಕು. ಹೊರೆ ಹೊರುವ ಹೆಂಗಸರೆಲ್ಲ ಸೀರೆಯ ಮೇಲೆ ಒಂದು ಬೈರಾಸನ್ನು, ಎಂದರೆ ಮೈ ಒರೆಸುವ ವಸ್ತ್ರವನ್ನು, ಬಿಗಿದು ಕಟ್ಟಿಕೊಳ್ಳುತ್ತಿದ್ದೆವು. ಬೆನ್ನಿಗೆ ಆಧಾರ. ಕಟ್ಟುವುದು ಹೊಕ್ಕುಳಿಗಿಂತ ಕೆಳಗೆ, ಗಂಟು ಪಕ್ಕದ ಸೊಂಟಕ್ಕೆ. ಹೊಟ್ಟೆಯಲ್ಲಿ ಜೀವ ಇದ್ದವಳು ಮಾತ್ರ ಹಾಗೆ ಕಟ್ಟಲಾರಳು, ಅದುಮುತ್ತದೆ. ಅವಳು ಪಕ್ಕೆಲುಬಿನ ಕೆಳಗೆ, ಎತ್ತರಕ್ಕೆ ಕಟ್ಟಿ, ಗಂಟನ್ನು ಮುಂದೆ ಸಡಿಲ ಬಿಡುತ್ತಾಳೆ. ಗಂಡಸರಿಗೆ ಇದು ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಹೆಂಗಸರಿಗೆ ಒಂದು ನೋಟ ಸಾಕು. ಅದಕ್ಕೇ ಬಸುರಿಯರು ಗೇಟು ದಾಟುವಾಗ ಕೆಳಗೆ ಕಟ್ಟಿ, ಚಪ್ಪರದ ಕತ್ತಲೆ ಮೂಲೆಗೆ ಹೋಗಿ ಮೇಲೆ ಕಟ್ಟಿಕೊಳ್ಳುತ್ತಿದ್ದರು. ಕಂಡವರು ಕಾಣದ ಹಾಗೆ ಇರುತ್ತಿದ್ದರು. ನಾನಂತೂ ಕಂಡವರನ್ನೂ ನಂಬುತ್ತಿರಲಿಲ್ಲ. ಯಾರೂ ಇಲ್ಲದಾಗ ಕಟ್ಟಿ, ಸೆರಗು ಇಳಿಬಿಟ್ಟು ಮುಚ್ಚುತ್ತಿದ್ದೆ.

ಶಿಲ್ಪಿ ನನ್ನನ್ನೇ ಯಾಕೆ ಆರಿಸಿದ? ನಾನು ನೆಟ್ಟಗೆ ನಡೆಯುತ್ತಿದ್ದೆ ಎಂದು. ಬಗ್ಗಬಾರದು, ಬಳುಕಬಾರದು ಎಂದು ಅತ್ತೆ ದಿನಾ ಹೇಳಿ ಹೇಳಿ ಹೆದರಿಸಿದ್ದರಿಂದ ನಾನು ಕಂಬ ನುಂಗಿದವಳ ಹಾಗೆ ನಡೆಯುತ್ತಿದ್ದೆ, ಅಷ್ಟೇ. ಅವನಿಗದು ಗಾಂಭೀರ್ಯವಾಗಿ ಕಂಡಿತು. ನಿಲ್ಲುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಮಧ್ಯಾಹ್ನದ ಮೇಲೆ ಹೊರೆ ಇಲ್ಲ, ಬರೀ ಸಿಂಬಿಯ ಮೇಲೆ ಖಾಲಿ ಹಲಗೆ ಇಟ್ಟುಕೊಂಡು ಚಪ್ಪರದ ಹಿಂದೆ ನಿಂತರಾಯಿತು ಎಂದ ಮೇಲೆ ಆಸೆಯಾಯಿತು. ಅಷ್ಟು ಹೊತ್ತು ಮಗುವಿಗೆ ವಿಶ್ರಾಂತಿ ಅಲ್ಲವೇ. ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಕೆಲಸ ಮಾಡೋವಾಗ ಹೇಗಿರ್ತೀರೋ ಹಾಗೇ ಇರಿ ಎಂದ. ಅಲ್ಲಿ ಅವನಲ್ಲದೆ ಇನ್ಯಾರೂ ಇರಲಿಲ್ಲ, ಅವನು ಗಂಡಸು, ಅದೂ ಘಟ್ಟದ ಮೇಲಿನವನು. ಸಿಕ್ಕಿಸಿಕೊಂಡೆ. ಅವನು ಕಾಗದದಲ್ಲಿ ಗೀಚಿದ, ನಮ್ಮದೇ ಜೇಡಿಮಣ್ಣಿನಲ್ಲಿ ಮೊಳದುದ್ದದ ಒಂದು ಬೊಂಬೆ ಮಾಡಿ ಒದ್ದೆ ಗೋಣಿ ಸುತ್ತಿಟ್ಟ. "ಹೆದ್ರಕೋಬೇಡಿ ಅಮ್ಮಾ, ಮುಖ ಸಡಿಲ ಬಿಡಿ," ಎನ್ನುತ್ತಿದ್ದ. ಹೆದರಿಕೆಯನ್ನು ಸಡಿಲ ಬಿಡಲಿಕ್ಕೆ ಅದೇನು ಸೆರಗೇ?

ಮನೆಯಲ್ಲಿ ಅತ್ತೆಗೆ ಗೊತ್ತಾದಾಗ ಅವರು ಅಂಗಳದಲ್ಲೇ ಕುಸಿದು ಕೂತರು. "ಎಂತ ಮಾಡಿದಿ ಮಾರಾಯ್ತಿ! ಬಸುರಿಯ ರೂಪ ತೆಗೀಲಿಕ್ಕುಂಟಾ? ಅದೂ ಮಾರ್ಗದ ಬದಿಯಲ್ಲಿ ನಿಲ್ಲಿಸ್ಲಿಕ್ಕೆ? ಲೋಕದ ಕಣ್ಣೆಲ್ಲ ಬೀಳ್ತದೆ!" ನನ್ನ ಗಂಡ ಹಂಚಿನ ಲಾರಿಯಲ್ಲಿ ಕೆಲಸಕ್ಕಿದ್ದರು. ಕಕ್ಕಿಂಜೆ ದಾಟಿ ಚಾರ್ಮಾಡಿ ಹತ್ತಿ ಹೋದರೆ ಮನೆಗೆ ಬರುವುದು ಯಾವಾಗಲೋ. ಬಂದವರು ತಾಯಿಯ ಮಾತು ಕೇಳಿ ನಕ್ಕರು. "ಕಾರ್ಖಾನೆಯವ್ರ ಕೆಲ್ಸ, ಬೇಡ ಅನ್ಲಿಕ್ಕೆ ಆಗ್ತದಾ? ಬೊಂಬೆ ಎಂತ ಮಾಡ್ತದೆ?" ಎಂದು ಊಟ ಮಾಡಿ ಮಲಗಿದರು. ಗಂಡಸರ ಧೈರ್ಯ ಯಾವಾಗಲೂ ಹಾಗೆ, ಊಟದ ಜೊತೆ ಬರುತ್ತದೆ.

ನನ್ನ ತವರು ವೇಣೂರಿನ ಹತ್ತಿರ. ಆಕಾಶಕ್ಕೆ ತಲೆ ಕೊಟ್ಟು ನಿಂತ ಗೊಮ್ಮಟನನ್ನು ನೋಡಿಯೇ ಬೆಳೆದವಳು ನಾನು, ದೊಡ್ಡ ಮೂರ್ತಿ ಎಂದರೆ ನನಗೇನೂ ಹೊಸತಲ್ಲ. ಆದರೆ ಅವನು ಎಲ್ಲ ಬಿಟ್ಟು ನಿಂತವನು. ಅವನ ಮೇಲೆ ಯಾರ ಕಣ್ಣು ಬಿದ್ದರೆ ಏನು? ಬಿಡಲಿಕ್ಕಾಗದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ನಾನು.

ಪೀಠಕ್ಕೆ ಹೊಂಡ ತೆಗೆದಾಗ ಊರಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಹೊಳೆಗೆ ದೊಡ್ಡ ಸಂಕ ಕಟ್ಟುವಾಗ ಒಂದು ತಲೆ ಬೇಕಾಗುತ್ತದೆ ಎಂದು ನಮ್ಮಲ್ಲಿ ಹಿಂದಿನಿಂದ ಮಕ್ಕಳನ್ನು ಹೆದರಿಸುತ್ತಿದ್ದರು. ಇಷ್ಟು ದೊಡ್ಡ ಬೊಂಬೆಯೂ ಹಾಗೆಯೇ ಒಂದು ಜೀವ ಕೇಳುತ್ತದಂತೆ, ದೊಡ್ಡದೇ ಆಗಬೇಕೆಂದಿಲ್ಲವಂತೆ, ಕಣ್ಣು ಬಿಡದ ಜೀವವಾದರೂ ಸಾಕಂತೆ. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅತ್ತೆ ದೈವಕ್ಕೆ ಹರಕೆ ಹೇಳಿಕೊಂಡು, ನೂಲು ಮಂತ್ರಿಸಿ ತಂದು ನನ್ನ ತೋಳಿಗೆ ಕಟ್ಟಿದರು. ನಾನು ದೊಡ್ಡ ಬಾಯಿಯವಳು, ಮೇಸ್ತ್ರಿಗೂ ಎದುರು ಮಾತಾಡುವವಳು. ಆದರೆ ಆ ಹೊಂಡದ ಪಕ್ಕ ಹಾದುಹೋಗುವಾಗ ಕಣ್ಣು ಮುಚ್ಚಿ, ನನ್ನ ಜೋಡಿಯವಳ ಕೈ ಹಿಡಿದು ನಡೆಯುತ್ತಿದ್ದೆ. ಜೋಡಿಯವಳು ಎಂದರೆ ನನ್ನ ತಲೆಗೆ ಹೊರೆ ಎತ್ತಿಕೊಡುವವಳು. ಬಿಸಿಲಿಗೆ ತಲೆ ತಿರುಗುತ್ತದೆ ಎಂದು ಅವಳಿಗೆ ಸುಳ್ಳು ಹೇಳಿದ್ದೆ.

ಕಬ್ಬಿಣ ಕಟ್ಟಿ, ಇಟ್ಟಿಗೆ ಇಟ್ಟು, ಸಿಮೆಂಟು ಮೆತ್ತಿ, ಅಡಕೆ ಮರದ ಅಟ್ಟಳಿಗೆಯ ಒಳಗೆ ಬೊಂಬೆ ಏಳುತ್ತಾ ಹೋಯಿತು. ಸುತ್ತ ತಾಡಪಾಲು ಇದ್ದುದರಿಂದ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ನನಗೆ ಆಗ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಹಿಂದೆ ಎರಡು ಸಲ ಬಸಿರು ಜಾರಿದ ತಿಂಗಳು ಅದು. ಬೆಳಿಗ್ಗೆ ಎದ್ದು ಸೀರೆ ನೋಡಿಕೊಂಡು, ಕಲೆ ಇಲ್ಲ ಎಂದಾದ ಮೇಲೆಯೇ ನಾನು ಉಸಿರು ಬಿಡುತ್ತಿದ್ದುದು.

ಏಪ್ರಿಲಿನ ಕೊನೆಗೆ ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ತಾಡಪಾಲು ಇಳಿಸಿದ್ದರು. ನಾವೊಂದು ಗುಂಪು ಹೆಂಗಸರು ನಗುತ್ತಾ ಬರುತ್ತಿದ್ದೆವು. ತಿರುವಿನಲ್ಲಿ ಎಲ್ಲರೂ ತಲೆ ಎತ್ತಿದೆವು. ಮುಖ ನನ್ನದೇ. ತೆಂಗಿನ ಮರದ ಅರ್ಧದಷ್ಟು ಎತ್ತರದಿಂದ ನಾನು ನನ್ನನ್ನೇ ನೋಡುತ್ತಿದ್ದೆ. ಆಮೇಲೆ ಕಣ್ಣು ಕೆಳಗಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಬೈರಾಸಿಗೆ ಕೆಂಪು ಅಂಚಿನ ಬಣ್ಣವನ್ನೂ ಕೊಟ್ಟಿದ್ದ, ಪುಣ್ಯಾತ್ಮ. ಅದು ಇದ್ದುದು ಪಕ್ಕೆಲುಬಿನ ಕೆಳಗೆ, ಎತ್ತರಕ್ಕೆ. ಗಂಟು ಮುಂದೆ, ಸಡಿಲವಾಗಿ, ಒಂದು ಗೆರಸೆಯಷ್ಟು ದೊಡ್ಡದಾಗಿ. ಅದರ ಕೆಳಗೆ ಸಣ್ಣಗೆ ಉಬ್ಬಿದ ಹೊಟ್ಟೆ.

ಗುಂಪಿನ ನಗು ನಿಂತಿತು. ನನ್ನ ಜೋಡಿ ಬೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು, "ಬಸ್ಸು ಬಂತು, ಹೋಗುವ," ಎಂದಳು. ನಾನು ಹೊಟ್ಟೆಯಲ್ಲಿ ಮುಚ್ಚಿಟ್ಟದ್ದನ್ನು ಆ ಘಟ್ಟದವನು ಮೂರಾಳು ಎತ್ತರಕ್ಕೆ ನಿಲ್ಲಿಸಿ, ಬಣ್ಣ ಹಚ್ಚಿ, ಎರಡು ತಾಲೂಕಿನ ರಸ್ತೆಗೆ ತೋರಿಸಿಬಿಟ್ಟಿದ್ದ!

ಗೇಟಿನಕ್ಕ ಹೊಳೆಯ ಆಚೆಯಿಂದ ಬರುವವಳು, ಈ ತಿರುವು ಅವಳ ದಾರಿಯಲ್ಲಿ ಇರಲಿಲ್ಲ. ಆದರೆ ಮೇ ತಿಂಗಳ ಮೊದಲ ದಿನ ಕಾರ್ಮಿಕರ ಹಬ್ಬಕ್ಕೆ ಉದ್ಘಾಟನೆ. ಕಾರ್ಖಾನೆಗೆ ಕಾರ್ಖಾನೆಯೇ ಅಲ್ಲಿ ಸೇರಬೇಕೆಂದು ಧಣಿಗಳ ಅಪ್ಪಣೆ. ಅವಳು ಬರುತ್ತಾಳೆ, ತಲೆ ಎತ್ತುತ್ತಾಳೆ, ಮುಗಿಯಿತು.

ಮರುದಿನ ಚಪ್ಪರದಲ್ಲಿ ನನ್ನ ಜೋಡಿ ತಲೆಗೆ ಹೊರೆ ಎತ್ತಿಕೊಟ್ಟಳು. ಹೊರೆ ಹಗುರವಿತ್ತು. ಎಂದಿನ ಅರ್ಧದಷ್ಟೂ ಹಂಚಿಲ್ಲ. "ಯಾಕೆ?" ಎಂದೆ. "ಹಂಚು ಕಡಿಮೆ ಉಂಟು ಇವತ್ತು," ಎಂದಳು. ಹಂಚು ಕಡಿಮೆಯೇನೂ ಇರಲಿಲ್ಲ, ರಾಶಿ ಬಿದ್ದಿತ್ತು. ಅದರ ಮರುದಿನವೂ ಹಾಗೆಯೇ. ನಾನು ಹತ್ತಿರ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಬಡಿದು ನೋಡುವವರ ಗೆಣ್ಣಿನ ಸದ್ದು ಮಾತ್ರ ಟಣ್ ಟಣ್ ಎಂದು ಕೇಳುತ್ತಿತ್ತು. ನನಗೆ ಅರ್ಥವಾಯಿತು, ಎಂದರೆ ಅರ್ಥವಾಯಿತು ಎಂದುಕೊಂಡೆ: ಸುದ್ದಿ ಮೇಸ್ತ್ರಿಗೆ ಹೋಗಿದೆ, ಹೆಸರು ಹೊಡೆಯುವ ಮೊದಲು ಹೊರೆ ಇಳಿಸುತ್ತಿದ್ದಾರೆ. ನನ್ನನ್ನು ಹಿಡಿದುಕೊಟ್ಟದ್ದು ಇವರಲ್ಲಿ ಯಾರು? ಒಬ್ಬೊಬ್ಬರ ಮುಖವನ್ನೂ ನೋಡಿ ಮನಸ್ಸಿನಲ್ಲೇ ಶಪಿಸಿದೆ.

ಆದಿತ್ಯವಾರ ಅತ್ತೆ ನನ್ನನ್ನು ಕರೆದುಕೊಂಡು ತಿರುವಿಗೆ ಬಂದರು. ಅತ್ತೆ ಹೆದರುಪುಕ್ಕಲಿ, ಆದರೆ ಹೆದರಿಕೆ ಮಿತಿ ಮೀರಿದರೆ ಅವರಷ್ಟು ಜೋರಿನವರು ಬೇರೆ ಇಲ್ಲ. ಶಿಲ್ಪಿ ಅಟ್ಟಳಿಗೆಯ ಮೇಲೆ ಕೂತು ಬೊಂಬೆಯ ಮೂಗಿಗೆ ಬಣ್ಣ ಹಚ್ಚುತ್ತಿದ್ದ.

"ಓ ಅಣ್ಣಾ! ಆ ಬೈರಾಸು ಕೆಳಗೆ ಕಟ್ಟಿ!" ಎಂದು ಅತ್ತೆ ಕೂಗಿದರು.

"ಏನಮ್ಮಾ?"

"ಬೈರಾಸು, ಬೈರಾಸು! ಸೊಂಟದಲ್ಲಿ ಇರ್ಬೇಕಾದ್ದು! ಮೇಲೆ ಎಂತಕ್ಕೆ ಕಟ್ಟಿದ್ದು?"

"ಇವರು ಹೇಗೆ ಕಟ್ಟಿದ್ರೋ ಹಾಗೇ ಮಾಡಿದೀನಿ," ಎಂದು ಅವನು ನನ್ನತ್ತ ಕುಂಚ ತೋರಿಸಿದ. "ಯಾಕೆ, ಏನಾಯ್ತು?"

ಏನಾಯ್ತು ಎಂದು ಪರಗಂಡಸಿಗೆ ನಡುರಸ್ತೆಯಲ್ಲಿ ಹೇಗೆ ಹೇಳುವುದು? ಅತ್ತೆ ಕೆಂಪಗಾದರು. "ಅದು ಸರಿ ಇಲ್ಲ. ತೆಗೀರಿ ಅಂದ್ರೆ ತೆಗೀರಿ!" ಎಂದರು.

"ಸಿಮೆಂಟು ಗಟ್ಟಿಯಾಗೋಗಿದೆ ತಾಯೀ. ಈಗ ಉಳಿ ಹಾಕಿದ್ರೆ ಗಂಟು ಒಂದೇ ಬರಲ್ಲ, ಹೊಟ್ಟೆನೂ ಬಿರಿಯುತ್ತೆ. ನೋಡ್ಕೊಳ್ಳಿ, ಬೇಕಾದ್ರೆ ಒಡೀತೀನಿ," ಎಂದು ಅವನು ತಮಾಷೆಗೋ ಏನೋ, ಪಕ್ಕದಲ್ಲಿದ್ದ ಉಳಿ ಎತ್ತಿದ.

"ಬೇಡಾ!" ಎಂದು ಅತ್ತೆ ಕಿರುಚಿದ ಸದ್ದಿಗೆ ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು. "ಮುಟ್ಬೇಡಿ! ಅದನ್ನು ಮುಟ್ಬೇಡಿ! ಕೈ ಮುಗೀತೇನೆ!"

ನಾನು ಎರಡೂ ಕೈಯಲ್ಲಿ ನನ್ನ ಹೊಟ್ಟೆ ಹಿಡಿದು ನಿಂತಿದ್ದೆ. ಅತ್ತ ದರಿ, ಇತ್ತ ಪುಲಿ. ಗಂಟು ಉಳಿದರೆ ಗೇಟಿನಕ್ಕ ಓದುತ್ತಾಳೆ. ಗಂಟು ತೆಗೆದರೆ ಬೊಂಬೆಯ ಹೊಟ್ಟೆ ಒಡೆಯುತ್ತದೆ. ಬೊಂಬೆಯ ಹೊಟ್ಟೆ ಒಡೆದರೆ ನನ್ನದೇನಾಗುತ್ತದೆ ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಮನೆಯವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.

ಉದ್ಘಾಟನೆಯ ದಿನ ನಾನು ಬೈರಾಸನ್ನು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಕೊಂಡು ಹೋದೆ. ಮುಖ ನನ್ನದಾದರೂ ಗಂಟು ನನ್ನದಲ್ಲ ಎಂದು ತೋರಬೇಕಿತ್ತು. ದಾರಿಯುದ್ದಕ್ಕೂ ನೋಯುತ್ತಿತ್ತು. ಒಳಗಿನದು ಅಲುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕಾರ್ಖಾನೆಯ ಹೆಂಗಸರನ್ನು ಕೆಲಸದ ಉಡುಪಿನಲ್ಲೇ ಬರಲು ಹೇಳಿದ್ದರು, ಫೋಟೊಕ್ಕೆ ಚೆಂದವಂತೆ. ನಾನು ಸಾಲಿಗೆ ಸೇರಿದ ಕೂಡಲೇ ನನ್ನ ಜೋಡಿ ರಟ್ಟೆ ಹಿಡಿದು ಎಳೆದಳು.

"ಎಂತ ಮಾರಾಯ್ತಿ, ಕೊಲ್ಲಲಿಕ್ಕೆ ಹೊರಟಿದ್ದೀಯಾ ಅದನ್ನು? ಬಿಚ್ಚು. ಮೇಲೆ ಕಟ್ಟು."

ನಾನು ಸುತ್ತ ನೋಡಿದೆ. ಸಾಲಿನಲ್ಲಿದ್ದ ಹೆಂಗಸರಲ್ಲಿ ಒಬ್ಬಳ ಬೈರಾಸೂ ಸೊಂಟದಲ್ಲಿರಲಿಲ್ಲ. ಮದುವೆಯಾಗದವರು, ಮೊನ್ನೆ ಹೆತ್ತವರು, ಮೊಮ್ಮಕ್ಕಳನ್ನು ಕಂಡವರು, ಎಲ್ಲರದ್ದೂ ಪಕ್ಕೆಲುಬಿನ ಕೆಳಗೆ, ಎತ್ತರಕ್ಕೆ, ಗಂಟು ಮುಂದೆ, ಸಡಿಲ. ಹಗುರದ ಹೊರೆಗಳು ಎಲ್ಲಿಂದ ಬಂದವು ಎಂದು ನನಗೆ ಆಗ ಗೊತ್ತಾಯಿತು. ನನ್ನ ತಲೆಯಿಂದ ಇಳಿಸಿದ ಹಂಚನ್ನು ಇವರು ತಮ್ಮ ತಲೆಗೆ ಏರಿಸಿಕೊಂಡಿದ್ದರು. ನಾನು ಶಪಿಸಿದ ಮುಖಗಳೇ ಎಲ್ಲ. ಅಳು ಬಂತು. "ಈಗ ಅಳ್ಬೇಡ, ಅವಳು ಬಂದ್ಳು," ಎಂದು ಜೋಡಿ ತಾನೇ ನನ್ನ ಗಂಟು ಬಿಚ್ಚಿ ಮೇಲೆ ಕಟ್ಟಿದಳು.

ಭಾಷಣವಾಯಿತು. ಧಣಿಗಳು ಏಣಿ ಹತ್ತಿ, ಬೊಂಬೆಯ ಕೊರಳು ಎಟುಕದೆ, ಉದ್ದ ಕೋಲಿನಿಂದ ಮಾಲೆ ಸಿಕ್ಕಿಸಿದರು. ಚಪ್ಪಾಳೆಯ ನಡುವೆ ಗೇಟಿನಕ್ಕ ತಲೆ ಎತ್ತಿದ್ದನ್ನು ನಾನು ಕಂಡೆ. ಅವಳ ಕಣ್ಣು ಬೊಂಬೆಯ ಮುಖದಲ್ಲಿ ನಿಂತಿತು, ಗಂಟಿಗೆ ಇಳಿಯಿತು, ಅಲ್ಲೇ ಉಳಿಯಿತು. ಆಮೇಲೆ ಅವಳು ತಿರುಗಿ ನಮ್ಮ ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದು ಬಂದಳು. ಒಬ್ಬೊಬ್ಬರ ಬೈರಾಸು ನೋಡಿದಳು. ನನ್ನ ಎದುರು ನಿಂತಳು. ನನ್ನ ಆ ದೊಡ್ಡ ಬಾಯಿ ಎಲ್ಲಿ ಹೋಯಿತೋ.

"ಎಲ್ಲರೂ ಎಂತ ಇವತ್ತು ಹೀಗೆ ಕಟ್ಟಿದ್ದು?" ಎಂದಳು, ಅದೇ ಬೆಲ್ಲದ ದನಿಯಲ್ಲಿ.

"ಬೊಂಬೆಯದ್ದು ನೋಡಿ ಅಕ್ಕಾ," ಎಂದಳು ನನ್ನ ಜೋಡಿ. "ಧಣಿಗಳೇ ಮಾಲೆ ಹಾಕಿದ್ದಾರಲ್ಲ, ಅದೇ ಸರಿ ಇರ್ಬೇಕು. ಇನ್ನು ಮೇಲೆ ಹೀಗೇ ಕಟ್ಟುವ ಅಂತ."

ಹಲ್ಲಿಲ್ಲದ ನಮ್ಮ ಹಿರಿಯಳೊಬ್ಬಳು, ಗಂಡ ಸತ್ತು ಎಷ್ಟೋ ಕಾಲವಾದವಳು, ತನ್ನ ಗಂಟು ಮುಂದೆ ಮಾಡಿ ತೋರಿಸಿ, "ನನ್ನ ಮೇಲೂ ಸಂಶಯ ಉಂಟಾ ನಿಂಗೆ?" ಎಂದಳು. ಸಾಲಿಗೆ ಸಾಲೇ ಬಾಯಿಗೆ ಸೆರಗು ಹಿಡಿದು ನಕ್ಕಿತು. ನಾನೊಬ್ಬಳು ನಗಲಿಲ್ಲ. ಗೇಟಿನಕ್ಕನೂ ನಗಲಿಲ್ಲ. ನನ್ನನ್ನು ಇನ್ನಷ್ಟು ಹೊತ್ತು ನೋಡಿ ಮುಂದೆ ಹೋದಳು.

ಮರುದಿನದಿಂದ ಕಾರ್ಖಾನೆಯಲ್ಲಿ ಕೆಳಗೆ ಕಟ್ಟುವವರೇ ಇಲ್ಲವಾದರು. ಬೈರಾಸು ನೋಡಿ ಹೇಳುವ ವಿದ್ಯೆ ಆ ದಿನಕ್ಕೆ ಮುಗಿಯಿತು. ಆದರೆ ನನ್ನ ಹೆದರಿಕೆ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಗೇಟು, ದಿನಾ ಅವಳ ಕಣ್ಣು. ಮಳೆ ಹಿಡಿಯಿತು. ಆರು ಕಳೆದು ಏಳಕ್ಕೆ ಬಿದ್ದಿತು. ಏಳರ ಹೊಟ್ಟೆ ಎಷ್ಟು ಎತ್ತರಕ್ಕೆ ಕಟ್ಟಿದರೂ ಅಡಗುವಂಥದ್ದಲ್ಲ, ಕುರುಡಿಗೂ ಕಾಣುತ್ತದೆ. ನಾಳೆ ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಕಾದೆ. ಯಾರೂ ಕರೆಯಲಿಲ್ಲ. ತವರಿಗೆ ಹೋಗುತ್ತೇನೆ, ತಾಯಿಗೆ ಹುಷಾರಿಲ್ಲ ಎಂದು ಹೇಳಿ ಹೊರಟ ದಿನ ಗೇಟಿನಕ್ಕ ಭರಣಿಯಿಂದ ಒಂದು ಹಿಡಿ ಮಾವಿನಮಿಡಿ ತೆಗೆದು, ಬಾಳೆಲೆಯಲ್ಲಿ ಕಟ್ಟಿ, ನನ್ನ ಕೈಯಲ್ಲಿಟ್ಟಳು. ಕರುಣೆಯೋ, ಕೊನೆಯ ಪರೀಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಲ್ಲಿ ನೀರು ತುಂಬಿತು. ಆದರೂ ತಿನ್ನಲಿಲ್ಲ, ಪೊಟ್ಟಣವನ್ನು ಹಾಗೆಯೇ ಹೊಳೆಗೆ ಎಸೆದೆ.

ಅತ್ತೆ ನನ್ನನ್ನು ವೇಣೂರಿಗೆ ಬಿಡಲು ಬಂದರು. ಬಸ್ಸು ತಿರುವಿಗೆ ಬಂದಾಗ ಜಡಿಮಳೆ. ಕಿಟಕಿಯ ತಾಡಪಾಲು ಸರಿಸಿ ನೋಡಿದೆ. ಬೊಂಬೆಯ ಗಂಟಿನ ಕೆಳಗಿನಿಂದ ತೊಡೆಯವರೆಗೆ ಒಂದು ಕಪ್ಪು ಗೆರೆ ಇಳಿದಿತ್ತು.

"ಅತ್ತೆ, ಬಿರಿದಿದೆ!" ಎಂದೆ.

"ನೀರು ಅದು, ನೀರು ಇಳಿದದ್ದು. ನೋಡ್ಬೇಡ," ಎಂದು ಅವರು ತಾಡಪಾಲು ಎಳೆದರು. 

ಆಮೇಲೆ ಅತ್ತೆ ನನ್ನ ತೋಳಿಗೆ ಕಟ್ಟಿದ್ದ ನೂಲನ್ನು ಮುಟ್ಟಿ ನೋಡಿದರು. ಸಿದ್ಧಕಟ್ಟೆ ಬಂತು, ಹೋಯಿತು. ಆ ಗೆರೆಯನ್ನು ನಾನು ಎರಡು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡೆ. "ನಮ್ಮ ಗೊಮ್ಮಟ ಎಷ್ಟು ಮಳೆ ಕಂಡಿಲ್ಲ, ಬಿರಿದನಾ?" ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು. ಅವನು ಬಸುರಿಯಲ್ಲ ಅಮ್ಮಾ ಎಂದು ರೇಗುತ್ತಿದ್ದೆ.

ಹೆರಿಗೆಯಾದದ್ದು ಸೋಣ ತಿಂಗಳಲ್ಲಿ, ಚೌತಿಯ ಆಸುಪಾಸು. ಮಗು ಹೊರಗೆ ಬಂದ ಮೇಲೆ ಸದ್ದೇ ಇಲ್ಲ. ಹೆರಿಗೆ ಮಾಡಿಸುವ ಮುದುಕಿ ಅದರ ಕಾಲು ಹಿಡಿದೆತ್ತಿ ಅಂಗಾಲಿಗೆ ಬೆರಳಿನಿಂದ ಬಡಿದಳು. ನಾನು ಕಿವಿಯಾಗಿ ಮಲಗಿದ್ದೆ. ಎಷ್ಟು ಸಾವಿರ ಹಂಚಿನ ಸದ್ದು ಕೇಳಿದವಳು ನಾನು, ಗಟ್ಟಿಯೋ ಒಡಕೋ ಎಂದು. ಇನ್ನೊಮ್ಮೆ ಬಡಿದಳು. ಆಮೇಲೆ ಕೂಗಿತು, ಚೆನ್ನಾಗಿ ಬೆಂದ ಹಂಚಿನ ಹಾಗೆ ಗಟ್ಟಿಯಾಗಿ. ಹೆಣ್ಣು.

ಮಳೆ ಪೂರ್ತಿ ಬಿಟ್ಟ ಮೇಲೆ ಅತ್ತೆಯೇ ಬಂದು ನಮ್ಮಿಬ್ಬರನ್ನು ಕರೆದುಕೊಂಡು ಹೊರಟರು. ತಿರುವು ಹತ್ತಿರ ಬರುತ್ತಿದ್ದ ಹಾಗೆ ನಾನು ಮಗುವಿನ ಮುಖಕ್ಕೆ ಸೆರಗು ಮುಚ್ಚಿದೆ. ಅತ್ತೆ ಕಂಡಕ್ಟರನಿಗೆ "ಇಲ್ಲಿ ನಿಲ್ಸಿ," ಎಂದರು. ನಮ್ಮ ನಿಲ್ದಾಣ ಇನ್ನೂ ಮುಂದಿತ್ತು. ಯಾಕೆಂದು ಕೇಳುವಷ್ಟರಲ್ಲಿ ಇಳಿದಾಗಿತ್ತು. ನಾನೂ ಮಗುವನ್ನು ಅವಚಿಕೊಂಡು ಇಳಿದೆ. ಬಿಸಿಲಿನಲ್ಲಿ ಬೊಂಬೆ ನಿಂತಿತ್ತು. ಮೊದಲು ಹೊಟ್ಟೆ ನೋಡಿದೆ. ಬಿರುಕಿರಲಿಲ್ಲ. ನೀರು ಇಳಿದಲ್ಲಿ ಒಣಗಿದ ಪಾಚಿಯ ಗೆರೆ, ಅಷ್ಟೇ.

ಅತ್ತೆ ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿಗೆಂದು ತಂದಿದ್ದ ಕಾಡಿಗೆಯ ಡಬ್ಬಿಯನ್ನು ಸೊಂಟದಿಂದ ತೆಗೆದರು. ಪೀಠ ಅವರ ಎದೆಯೆತ್ತರಕ್ಕಿತ್ತು. ಹಿಮ್ಮಡಿ ಎತ್ತಿ, ಕೈ ಚಾಚಿ, ಬೊಂಬೆಯ ಕಾಲಿನ ಹೆಬ್ಬೆರಳಿಗೆ ಒಂದು ದೊಡ್ಡ ಕಪ್ಪು ಬೊಟ್ಟು ಇಟ್ಟರು. ಇಷ್ಟು ದಿನ ಆ ಕಡೆ ಕಣ್ಣೆತ್ತಿ ನೋಡಲು ಹೆದರುತ್ತಿದ್ದವರು.

"ಅದಕ್ಕೆ ಎಂತಕ್ಕೆ ಅತ್ತೆ?" ಎಂದೆ.

ಅತ್ತೆ ಸೆರಗಿಗೆ ಬೆರಳು ಒರೆಸುತ್ತಾ, ಮೇಲೆ ಕಟ್ಟಿದ ಆ ಗಂಟನ್ನು ನೋಡಿದರು. "ನಿನ್ನ ಹೆರಿಗೆ ಆಯ್ತಲ್ಲ," ಎಂದರು. "ಇವಳದ್ದು ಇನ್ನೂ ಆಗ್ಲಿಕ್ಕುಂಟು."